ಲೇಥಿಗೆ ತವರಿನ ಎಣ್ಣೆ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ನಿಂತುಹೋದ ವಸ್ತುಗಳ ಚಟ. ಗಡಿಯಾರವಾಗಲಿ, ಹೊಲಿಗೆ ಮಷಿನ್ನಾಗಲಿ, ಒಂದು ಕಾಲಕ್ಕೆ ನಡೆಯುತ್ತಿದ್ದದ್ದು ಈಗ ನಿಂತಿದೆ ಎಂದು ಗೊತ್ತಾದರೆ ಸಾಕು, ನನ್ನ ಕೈ ಸುಮ್ಮನಿರುವುದಿಲ್ಲ. ಬಿಚ್ಚಿಬಿಡುತ್ತೇನೆ. ಬಿಚ್ಚುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಯಾದಗಿರಿಯಲ್ಲಿ ಇರಲಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳಬಲ್ಲೆ. ಜೋಡಿಸುವ ಮಾತು ಬೇರೆ. ನಮ್ಮ ಮನೆಯ ಗೋಡೆ ಗಡಿಯಾರವನ್ನು ನಾನು ರಿಪೇರಿ ಮಾಡಿದ ಮೇಲೆ ಅದು ನಡೆಯಿತು, ಸುಳ್ಳು ಹೇಳಬಾರದು. ಆದರೆ ಗಂಟೆ ಹೊಡೆಯಲು ಶುರುಮಾಡಿದರೆ ತನಗೆ ಸಾಕೆನಿಸುವವರೆಗೂ ಹೊಡೆಯುತ್ತಿತ್ತು. ನನ್ನ ಹೆಂಡತಿ ಶರಣಮ್ಮ ಅದನ್ನು ನಿಲ್ಲಿಸಿ ಮೇಲೊಂದು ಟವೆಲ್ಲು ಹೊದಿಸಿದಳು. ಬಂದವರು ಏನೆಂದು ಕೇಳಿದರೆ, "ಗಡಿಯಾರ್ರಿ. ಮಲಕೊಂಡದ" ಅನ್ನುತ್ತಿದ್ದಳು.

ನಾನು ಹೇಳುತ್ತಿರುವುದು ನಿಜಾಮರ ಸರಕಾರ ಹೋಗಿ ಹೊಸ ಸರಕಾರ ಬಂದ ಹೊಸತರ ಮಾತು. ತಹಶೀಲ ಕಚೇರಿಯಲ್ಲಿ ನಾನು ಗುಮಾಸ್ತ. ಅಲ್ಲಿಯತನಕ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆಯುತ್ತಿದ್ದ ಕೈ, ಈಗ ಎಡದಿಂದ ಬಲಕ್ಕೆ ಬರೆಯುವುದನ್ನು ಕಲಿಯುತ್ತಿತ್ತು. ಬಜಾರಿನಲ್ಲಿ ನಿಜಾಮರ ಹಾಲಿ ಸಿಕ್ಕಾ ನಾಣ್ಯವೂ ಇತ್ತು, ಹಿಂದೂಸ್ಥಾನದ ನಾಣ್ಯವೂ ಇತ್ತು. ಅಂಗಡಿಯವನು ಚಿಲ್ಲರೆ ಕೊಟ್ಟರೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಜನ ಬಹಳ ಹೊತ್ತು ನೋಡುತ್ತಿದ್ದರು. ಇಡೀ ಸೀಮೆಯನ್ನೇ ಬಿಚ್ಚಿ ಹೊಸದಾಗಿ ಜೋಡಿಸುತ್ತಿದ್ದರು, ಯಾವ ತಿರುಪು ಎಲ್ಲಿಯದು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನಂಥವನಿಗೆ ಇದಕ್ಕಿಂತ ಸುಖದ ಕಾಲ ಬೇಕೇ?

ಹೀಗಿರುವಾಗ ಸ್ಟೇಷನ್ ಹಾದಿಯ ಒಂದು ಹತ್ತಿ ಗಿರಣಿ ಮುಚ್ಚಿ, ಅದರ ಸಾಮಾನೆಲ್ಲ ಲಿಲಾವಿಗೆ, ಅಂದರೆ ಹರಾಜಿಗೆ, ಬಂತು. ಜೋಳದ ಹಿಟ್ಟು ಇಡುವುದಕ್ಕೆ ಮುಚ್ಚಳ ಗಟ್ಟಿಯಿರುವ ಒಂದು ದೊಡ್ಡ ಡಬ್ಬಿ ತರಲು ಶರಣಮ್ಮ ನನ್ನನ್ನು ಕಳಿಸಿದಳು. ನಾನು ಡಬ್ಬಿಗೆಂದೇ ಹೋದೆ. ಆದರೆ ಡಬ್ಬಿಗಳ ಹಿಂದೆ ಒಂದು ಗೋಣಿಚೀಲ ಹೊದ್ದುಕೊಂಡು ಅದು ನಿಂತಿತ್ತು. ಒಂದು ಪುಟ್ಟ ಲೇಥು. ಕಬ್ಬಿಣದ ಸರಳನ್ನು ಬಿಗಿಯಾಗಿ ಹಿಡಿದು ಗರಗರ ತಿರುಗಿಸುವುದು, ಅದಕ್ಕೆ ಹರಿತವಾದ ಉಳಿ ತಾಗಿಸಿ ಸವರಿ ದುಂಡಗೆ ಮಾಡುವುದು ಅದರ ಕೆಲಸ. ಕರೆಂಟು ಬೇಡ, ಹೊಲಿಗೆ ಮಷಿನ್ನಿನ ಹಾಗೆ ಕಾಲಲ್ಲಿ ತುಳಿದರೆ ಆಯಿತು. ಗಿರಣಿಗಿಂತಲೂ ಹಳೆಯದು, ವಿಲಾಯತಿಯದು. ಎಷ್ಟು ವರ್ಷದಿಂದ ನಿಂತಿತ್ತೋ, ತುಕ್ಕು ಬೆರಳಿನ ದಪ್ಪ ಕೂತಿತ್ತು. ತುಳಿದು ನೋಡಿದೆ. ಜಪ್ಪಯ್ಯ ಅನ್ನಲಿಲ್ಲ. ಅಷ್ಟು ಸಾಕಾಯಿತು ನನಗೆ.

ಎತ್ತಿನ ಗಾಡಿ ಮನೆಯ ಮುಂದೆ ನಿಂತಾಗ ಶರಣಮ್ಮ ಹೊರಗೆ ಬಂದಳು. "ಡಬ್ಬಿ ಎಲ್ಲದ?" ಎಂದಳು.

"ಡಬ್ಬಿ ಬರೋಬ್ಬರಿ ಇದ್ದಿಲ್ಲ. ಇದು ಸಿಕ್ತು. ಲೇಥ್ ಮಷಿನ್. ಇದರಾಗ ಕಬ್ಬಿಣ ಕಡೀತಾರ."

"ಕಡದು?"

ಕಡೆದು ಏನು ಮಾಡುತ್ತಾರೆ ಎಂದು ನಾನು ವಿಚಾರ ಮಾಡಿರಲಿಲ್ಲ. "ಬೇಕಾದ್ದು ಮಾಡಬಹುದು" ಎಂದೆ. "ಹಂಗಾದ್ರ ಒಂದು ಡಬ್ಬಿ ಮಾಡ್ರಿ" ಎಂದು ಒಳಗೆ ಹೋದಳು. ಗಾಡಿಯವನು ನಗು ತಡೆಯಲು ಎತ್ತುಗಳ ಕಡೆ ಮುಖ ತಿರುಗಿಸಿದ.

ಪಡಸಾಲೆಯಲ್ಲಿ ಲೇಥಿನ ಸೇವೆ ಶುರುವಾಯಿತು. ಇಟ್ಟಂಗಿ ಪುಡಿ ಹಚ್ಚಿ ಉಜ್ಜಿದೆ. ತಾಮ್ರದ ಕೊಡಕ್ಕೆ ಹುಣಸೆಹಣ್ಣು ನಡೆಯುವುದಾದರೆ ಕಬ್ಬಿಣಕ್ಕೆ ಯಾಕಾಗಬಾರದು ಎಂದು ವರ್ಷಕ್ಕೆಂದು ಇಟ್ಟಿದ್ದ ಹುಣಸೆಹಣ್ಣಿನಲ್ಲಿ ಅರ್ಧ ಖಾಲಿ ಮಾಡಿದೆ. ಮನೆಯಲ್ಲಿ ಸಾರು ಸಪ್ಪಗಾಯಿತು, ಲೇಥು ಹುಳಿಯಾಯಿತು. ಚಿಮಣಿ ಎಣ್ಣೆ ಕಂಟ್ರೋಲಿನಲ್ಲಿ ಸಿಗುತ್ತಿದ್ದ ಕಾಲ ಅದು. ನಮ್ಮ ಪಾಲಿನ ಎಣ್ಣೆಯನ್ನು ಲೇಥಿನ ಸಂದಿಗೊಂದಿಗೆ ಸುರಿದು, ಮನೆಯವರೆಲ್ಲ ಹೊತ್ತು ಮುಳುಗುವ ಮೊದಲೇ ಉಂಡು ಮಲಗುವ ಹೊಸ ಪದ್ಧತಿಯನ್ನು ಜಾರಿಗೆ ತಂದೆ. ಕಡೆಗೊಂದು ದಿನ ತುಕ್ಕಿನ ಅಡಿಯಿಂದ ಬೆಳ್ಳಗೆ ಲೋಹ ಹೊಳೆಯಿತು. ಗಾಲಿ ಅಲುಗಿತು, ಆಮೇಲೆ ತಿರುಗಿತು. ನನಗೆ ಕಣ್ಣಲ್ಲಿ ನೀರು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಕಚೇರಿಯಲ್ಲಿ ನೌಕರಿ ಕಾಯಂ ಆದ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಇನ್ನು ಎಣ್ಣೆ ಬಿಡಬೇಕು. ಮಷಿನ್ನಿಗೆ ಬಿಡುವ ಎಣ್ಣೆ ಬೇಕಾದರೆ ರಾಯಚೂರಿಗೋ ಹೈದರಾಬಾದಿಗೋ ಹೇಳಿಕಳಿಸಬೇಕು, ಅಷ್ಟು ತಾಳ್ಮೆ ಯಾರಿಗಿದೆ? ಅದೇ ವಾರ ಶರಣಮ್ಮನ ತವರಾದ ದೇವಾಪುರದಿಂದ ನಮ್ಮತ್ತೆ ಗಾಣದ ಹೊಸ ಕುಸುಬಿ ಎಣ್ಣೆ ಕಳಿಸಿದ್ದರು. ನಮ್ಮ ಕಡೆ ಕುಸುಬಿ ಎಣ್ಣೆ ಇಲ್ಲದೆ ಏನೂ ನಡೆಯುವುದಿಲ್ಲ. ಒಗ್ಗರಣೆಗೆ ಅದೇ, ಚಟ್ನಿಪುಡಿಗೆ ಅದೇ, ದೀಪಕ್ಕೆ ಅದೇ, ತಲೆಗೆ ಅದೇ. ಮನುಷ್ಯರಿಗೇ ಆಗುವುದು ಮಷಿನ್ನಿಗೆ ಆಗುವುದಿಲ್ಲವೇ? ಬಂಗಾರದ ಬಣ್ಣದ ಆ ಎಣ್ಣೆಯನ್ನು ಪ್ರತಿ ತೂತಿಗೂ ತುಂಬಿದೆ. ಉಳಿದದ್ದನ್ನು ಮತ್ತೆ ತುಕ್ಕು ಹಿಡಿಯದಿರಲೆಂದು ಬಾಣಂತಿಗೆ ಹಚ್ಚಿದ ಹಾಗೆ ಮೈಯೆಲ್ಲ ಹಚ್ಚಿದೆ. ತುಳಿದರೆ ಸದ್ದೇ ಇಲ್ಲ! ಓಣಿಯವರನ್ನೆಲ್ಲ ಕರೆದು ತೋರಿಸಿದೆ.

ಓಣಿಗೆ ಹಿರಿಯಳಾದ ಈರಮ್ಮ ಆಯಿಯೂ ಬಂದಳು. ಹೊಸ ಸರಕಾರ ಬಂದರೂ ನಮ್ಮ ಓಣಿಯಲ್ಲಿ ನಡೆಯುತ್ತಿದ್ದದ್ದು ಆಕೆಯ ಹುಕುಮೇ. ಗಾಲಿ ತಿರುಗುವುದನ್ನು ನೋಡಿ, "ಕಬ್ಬಿಣ ಕಡೀತದ ಅಂತೀರಿ. ನಮ್ಮ ಬಾವಿ ಗಡಗಡಿ ಅಚ್ಚು ಸವದು ಹೋಗ್ಯಾದ, ನೀರು ಸೇದಬೇಕಾದ್ರ ಹೆಣ್ಮಕ್ಕಳ ರಟ್ಟಿ ಬೀಳ್ತಾವ. ಹೊಸಾ ಅಚ್ಚು ಮಾಡಿ ಕೊಡ್ತೀರೇನು?" ಎಂದಳು.

"ಅದೇನು ದೊಡ್ಡ ಮಾತು ಆಯಿ!" ಎಂದೆ.

ಶರಣಮ್ಮ ಇಂಥ ಗಳಿಗೆಗೇ ಕಾಯುತ್ತಿದ್ದಳೋ ಏನೋ, ಎಲ್ಲರ ಮುಂದೆ ಹೇಳಿದಳು: "ಆಯಿ, ನೀವೇ ಸಾಕ್ಷಿ ಆಗ್ರಿ. ಅಚ್ಚು ಮಾಡಿದ್ರ ಈ ಮಷಿನ್ ನನ್ನ ಪಡಸಾಲ್ಯಾಗ ಇರ್ಲಿ. ಮಾಡದಿದ್ರ ಗುಜರಿ ಬಾಬುಮಿಯಾಗ ಕೊಟ್ಟು ಕಳಸ್ತೀನಿ."

ನಾನು ಒಪ್ಪಿದೆ. ಒಪ್ಪಿದ ಗಂಡಸು ಸುಮ್ಮನೆ ಮನೆಯಲ್ಲಿ ಕೂಡಬೇಕಿತ್ತು. ಅಳತೆ ತೆಗೆಯಬೇಕೆಂದು ಆಗಲೇ ಬಾವಿಗೆ ಹೋಗಿ ಗಡಗಡೆಯನ್ನು ಬಿಚ್ಚಿ ಇಳಿಸಿದೆ. ಹಳೆಯ ಅಚ್ಚನ್ನು ಸುತ್ತಿಗೆಯಿಂದ ಹೊಡೆದು ಹೊರಗೆ ತೆಗೆಯುವಾಗ ಅದು ನಡುವೆ ಮುರಿದು ಎರಡು ತುಂಡಾಯಿತು. ಮರುದಿನ ಬೆಳಗ್ಗೆ ಕಚೇರಿಯಲ್ಲಿ ಹುಕುಮು ಕಾದಿತ್ತು: ಸುರಪುರದ ಕಡೆ ಗುಮಾಸ್ತರು ಸಾಲುತ್ತಿಲ್ಲ, ಕಕ್ಕೇರಾದ ಲೆಕ್ಕಪತ್ರ ನೋಡಿಬರಲು ಕೂಡಲೇ ಹೊರಡಬೇಕು. "ಬಂದ ಕೂಡ್ಲೇ ಮಾಡ್ತೀನಿ" ಎಂದು ಈರಮ್ಮ ಆಯಿಗೆ ಹೇಳಿ ಹೊರಟೆ. ಶಹಾಪುರ ದಾಟುವಾಗ ಬಸ್ಸು ಕೆಟ್ಟು ನಿಂತಿತು. ನಾನು ಸೀಟಿನಿಂದ ಎದ್ದೆ. ಡ್ರೈವರ್ ನನ್ನ ಮುಖದಲ್ಲಿ ಏನು ಕಂಡನೋ, "ಸಾಹೇಬ್ರ, ನೀವು ಕೂತೇ ಇರ್ರಿ" ಎಂದ.

ಕೆಲಸ ವಾರಗಟ್ಟಲೆ ಎಳೆಯುತ್ತ ಹೋಯಿತು. ಬಿಸಿಲಿನಲ್ಲಿ ಬೆಂದು ಮರಳಿ ಬಂದಾಗ ಓಣಿಯ ಬಾವಿಯ ಹತ್ತಿರ ವಿಚಿತ್ರ ನೋಟ. ಪಕ್ಕದ ಮನೆಯ ಭೀಮರಾಯ, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಬಾವಿಯ ಕಟ್ಟೆಗೆ ಕಾಲು ಕೊಟ್ಟು ಹಗ್ಗ ಜಗ್ಗುತ್ತಿದ್ದ. ಅವನ ಹಿಂದೆ ಓಣಿಯ ಉಳಿದ ಗಂಡಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ನಾನು ಅತ್ತ ಹೋದ ಮೇಲೆ ಈರಮ್ಮ ಆಯಿ ತೀರ್ಪು ಕೊಟ್ಟಿದ್ದಳಂತೆ: "ಗಡಗಡಿ ಬಿಚ್ಚಿದಾಂವ ಗಂಡಸು. ಗಡಗಡಿ ಇಲ್ಲದ ಇಷ್ಟು ಆಳದಿಂದ ಜಗ್ಗೋದು ಗಂಡಸರ ಕೆಲಸ. ಅವರೇ ಸೇದ್ಲಿ." ಹೆಂಗಸರಿಗೆ ಈ ತೀರ್ಪು ಕೂಡಲೇ ಅರ್ಥವಾಯಿತು. ಭೀಮರಾಯ ನನ್ನನ್ನು ಕಂಡದ್ದೇ ಎರಡೂ ಅಂಗೈ ಚಾಚಿ ತೋರಿಸಿದ. ಬೊಬ್ಬೆ ಎದ್ದಿದ್ದವು. "ಇವತ್ತೇ ಮಾಡ್ರಿ ಮಾರಾಯ್ರ, ನಿಮ್ಮ ಕಾಲು ಹಿಡ್ಕೋತೀನಿ" ಎಂದ.

ಮನೆಗೆ ಹೋಗಿ ಚೀಲವನ್ನೂ ಇಳಿಸದೆ ಲೇಥನ್ನು ತುಳಿದೆ. ಅಲುಗಲಿಲ್ಲ. ತುಳಿಯುವ ಹಲಗೆಯ ಮೇಲೆ ಹತ್ತಿ ನಿಂತೆ. ನಾನು ನಿಂತೇ ಇದ್ದೆ, ಅದೂ ನಿಂತೇ ಇತ್ತು. ಕೈಯಾಡಿಸಿದರೆ ಮೈತುಂಬ ಹಳದಿ ಚರ್ಮದಂಥ ಅಂಟು, ಉಗುರಿನಿಂದ ಕೆರೆದರೆ ಉಗುರೇ ಬಗ್ಗುತ್ತದೆ. ಯಾರೋ ಹೊಟ್ಟೆಕಿಚ್ಚಿಗೆ ಬಡಗಿಯ ಸರೇಸು ಸುರಿದಿದ್ದಾರೆ ಎಂದು ಮೊದಲು ಅನುಮಾನಿಸಿದೆ. ತಲೆಬಿಸಿಯಲ್ಲೇ ಊಟಕ್ಕೆ ಕೂತೆ. ಚಟ್ನಿಪುಡಿಗೆ ಎಣ್ಣೆ ಹಾಕಿಕೊಳ್ಳಲು ಗೂಡಿನಲ್ಲಿದ್ದ ಡಬ್ಬಿಗೆ ಕೈ ಹಾಕಿದರೆ ಡಬ್ಬಿ ಬರಲಿಲ್ಲ, ಗೂಡಿಗೇ ಅಂಟಿ ಕೂತಿತ್ತು. ಅದರ ಹೊರಮೈಯಲ್ಲಿ ಸೋರಿ ಒಣಗಿದ ಎಣ್ಣೆಯೂ ಅದೇ ಹಳದಿ ಚರ್ಮ. ಹುಟ್ಟಿದಾಗಿನಿಂದ ಕಂಡದ್ದೇ. ತೆಳ್ಳಗೆ ಹರಡಿ ಗಾಳಿಗೆ ಬಿಟ್ಟರೆ ಕುಸುಬಿ ಎಣ್ಣೆ ಒಣಗಿ ಅಂಟಾಗುತ್ತದೆ. ನಾನು ಲೇಥಿಗೆ ಎಣ್ಣೆ ಬಿಟ್ಟಿರಲಿಲ್ಲ, ವಾರ್ನಿಷು ಕುಡಿಸಿದ್ದೆ.

ಇದನ್ನು ಬಾಯಿಬಿಟ್ಟು ಹೇಳುವ ಹಾಗಿತ್ತೇ? ಎಣ್ಣೆ ದೇವಾಪುರದ್ದು. ನಮ್ಮತ್ತೆ ತಾವೇ ಗಾಣದ ಮುಂದೆ ಕೂತು ತೆಗೆಸಿದ್ದು. ನನ್ನ ಲೇಥು ಕೆಟ್ಟದ್ದು ನಿಮ್ಮ ತವರಿನ ಎಣ್ಣೆಯಿಂದ ಎಂದು ಶರಣಮ್ಮನ ಮುಂದೆ ಅನ್ನುವುದಕ್ಕಿಂತ ನಿಜಾಮರನ್ನೇ ಮರಳಿ ಕರೆತರುವುದು ಸುಲಭ. ಗಾಡಿಯ ಕೀಲಿಗೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹಾಕುವುದು ನೆನಪಾಗಿ, ಏನೂ ಆಗದವನ ಹಾಗೆ ಕೇಳಿದೆ: "ಮನ್ಯಾಗ ಔಡಲ ಎಣ್ಣಿ ಅದ ಏನು?"

ಶರಣಮ್ಮ ನನ್ನ ಮುಖ ದಿಟ್ಟಿಸಿ ನೋಡಿದಳು. "ಯಾಕ್ರಿ? ಊರೂರು ತಿರುಗಿ ಹೊಟ್ಟಿ ಕಟ್ಟೇದೇನು? ಬಂದಾಗಿಂದ ಮಾರಿ ಹಂಗ ಮಾಡೀರಿ ನೋಡ್ರಿ, ನಾ ಆಗಲೇ ಅಂದ್ಕೊಂಡೆ."

ಹೌದು ಎನ್ನದೆ ವಿಧಿಯಿರಲಿಲ್ಲ. ಹೊಟ್ಟೆಯ ವಿಷಯದಲ್ಲಿ ಆಕೆ ಬಹಳ ಕಟ್ಟುನಿಟ್ಟು. ಬಿಸಿ ಚಹಾದಲ್ಲಿ ಔಡಲ ಎಣ್ಣೆ ಬೆರೆಸಿ, ನಾನು ಲೋಟ ಬೋರಲು ಹಾಕುವತನಕ ಎದುರಿಗೆ ನಿಂತಳು. ಮರುದಿನವೆಲ್ಲ ನಾನು ಲೇಥಿನ ಹತ್ತಿರ ಹೋಗಲಾಗಲಿಲ್ಲ. ಬೇರೊಂದು ಕಡೆ ಓಡಾಟ ಬಹಳವಿತ್ತು. ಅದಕ್ಕೂ ನೀರು ಬೇಕು, ನೀರನ್ನು ನಾನೇ ಸೇದಬೇಕು.

ಮೈ ಹಗುರಾದ ಮೇಲೆ ಗಾಡಿ ಹೊಡೆಯುವವನೊಬ್ಬನಿಗೆ ಬೀಡಿ ಕಟ್ಟು ಕೊಟ್ಟು ಔಡಲ ಎಣ್ಣೆ ಸಂಪಾದಿಸಿದೆ. ಭೀಮರಾಯ ತನ್ನ ಪಾಲಿನ ಚಿಮಣಿ ಎಣ್ಣೆ ತಂದು ಸುರಿದ, ಅದು ಪ್ರೀತಿಯಿಂದಲ್ಲ. ಲೇಥನ್ನು ಮತ್ತೆ ಬಿಚ್ಚಿ, ನೆನೆಸಿ, ಕೆರೆದು, ಒರೆಸಿ, ಜೋಡಿಸಿದೆ. ತೂತಿನ ಆಳದಿಂದ ಕರ್ರಗೆ ಹಳೆಯ ಅಂಟಿನ ಗಂಟೊಂದು ಬಂತು. ಮೂಸಿ ನೋಡಿದರೆ ಅದೇ ಕುಸುಬಿ ಎಣ್ಣೆಯ ಮುಗ್ಗಲು ವಾಸನೆ. ಗಿರಣಿಯಲ್ಲಿ ಲೇಥು ಯಾಕೆ ನಿಂತಿತ್ತೆಂದು ಆಗ ತಿಳಿಯಿತು. ಅಲ್ಲೂ ನನ್ನಂಥ ಒಬ್ಬ ಅಳಿಯ ಇದ್ದಿರಬೇಕು.

ಔಡಲ ಎಣ್ಣೆ ಕುಡಿದ ಲೇಥು ಈ ಸಲ ನಿಲ್ಲಲಿಲ್ಲ. ಮೊದಲು ಕಡೆದ ಅಚ್ಚು ಸಣ್ಣದಾಯಿತು, ಆಮೇಲಿನದು ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಗಜ್ಜರಿಯಂತಾಯಿತು. ಆದರೂ ಬಿಡದೆ ಕೂತು ಕಡೆದೆ. ಕಡೆಗೆ ಕನ್ನಡಿಯ ಹಾಗೆ ಹೊಳೆಯುವ, ಗಡಗಡೆಯ ತೂತಿನಲ್ಲಿ ಬೆಣ್ಣೆಯ ಹಾಗೆ ಕೂಡುವ ಅಚ್ಚು ಕೈಗೆ ಬಂತು. ನನ್ನ ಜನ್ಮದಲ್ಲಿ ನಾನು ಬಿಚ್ಚಿದ್ದನ್ನು ಸರಿಯಾಗಿ ಜೋಡಿಸಿದ್ದು ಅದೊಂದೇ. ಓಣಿಯೆಲ್ಲ ಬಾವಿಯ ಸುತ್ತ ಸೇರಿತು. ಈರಮ್ಮ ಆಯಿ ಹಗ್ಗ ಜಗ್ಗಿದಳು. ಗಡಗಡೆ ಕಿರ್ ಅನ್ನಲಿಲ್ಲ, ತುಂಬಿದ ಕೊಡ ತಾನಾಗಿಯೇ ಎದ್ದು ಬಂದ ಹಾಗೆ ಬಂತು. "ಹೂವು ಎತ್ತಿದಂಗ ಆತು ನೋಡ್ರೆವ್ವ! ಸಣ್ಣ ಕೂಸೂ ಸೇದ್ತದ" ಎಂದಳು. ನಾನು ಶರಣಮ್ಮನ ಕಡೆ ನೋಡಿದೆ. ಆಕೆಯ ಮುಖದಲ್ಲಿ ನಿಜವಾದ ಹೆಮ್ಮೆ ಇತ್ತು. ಅದನ್ನು ನೋಡಿ ನನಗೆ ಪಟ್ಟ ಪಾಡೆಲ್ಲ ಮರೆತುಹೋಯಿತು.

ಭೀಮರಾಯ ಉಸಿರು ಬಿಟ್ಟು, ಹಗ್ಗವನ್ನು ತನ್ನ ಹೆಂಡತಿಯ ಕೈಗೆ ಕೊಡಲು ಹೋದ. ಆಕೆ ಕೈ ಚಾಚಲಿಲ್ಲ. ಶರಣಮ್ಮನ ಮುಖ ನೋಡಿದಳು. ಶರಣಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು: "ಅಷ್ಟು ತ್ರಾಸಿದ್ದಾಗ ಸೇದೀರಿ. ಈಗ ಹೂವಿನಂಗ ಆಗ್ಯಾದ, ಈಗೇನು ಬ್ಯಾನಿ ನಿಮಗ? ನೀವ ಸೇದ್ರಿ."

ಹೆಂಗಸರೆಲ್ಲ ಖಾಲಿ ಕೊಡಗಳನ್ನು ಕಟ್ಟೆಯ ಮೇಲಿಟ್ಟು ಮನೆಗೆ ನಡೆದರು. ಗಂಡಸರ ಹತ್ತಿರ ಉಳಿದಿದ್ದ ಒಂದೇ ತಕರಾರು ನೀರು ಸೇದುವುದು ಕಷ್ಟ ಎಂಬುದು. ಅದನ್ನು ನಾನೇ ಕನ್ನಡಿಯ ಹಾಗೆ ಕಡೆದು ತೆಗೆದುಹಾಕಿದ್ದೆ. ಅಂದಿನಿಂದ ಓಣಿಯ ಗಂಡಸರು ನನ್ನ ಕೂಡ ಮಾತು ಬಿಟ್ಟರು. ಭೀಮರಾಯ ನನಗೆ ಕೇಳಿಸುವ ಹಾಗೆ, "ಮಷಿನ್ ಇರೋತನಕ ನಮಗ ಬಿಡುಗಡಿ ಇಲ್ಲ" ಅನ್ನುತ್ತಿದ್ದ.

ಕಡೆಗೆ ನಾನೇ ಹೋಗಿ ಗುಜರಿ ಬಾಬುಮಿಯಾನನ್ನು ಕರೆತಂದೆ. ಅವನು ಲೇಥಿನ ಕಾಲಿಗೆ ಹಗ್ಗ ಬಿಗಿಯುತ್ತಿರುವಾಗ ಶರಣಮ್ಮ ಒಳಗಿನಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು. "ಅದನ್ನ ಮುಟ್ಟಬ್ಯಾಡ್ರಿ ಬಾಬುಮಿಯಾ. ನಾಳಿ ಅಚ್ಚು ಸವದ್ರ ಮತ್ತೊಂದು ಕಡಿಯಾಕ ಬೇಕಾಗ್ತದ. ಮಾತು ಅಂದ್ರ ಮಾತು, ಮಷಿನ್ ನನ್ನ ಪಡಸಾಲ್ಯಾಗೇ ಇರ್ತದ." ಆಮೇಲೆ ನನ್ನ ಕಡೆ ತಿರುಗಿ, "ಬಿಸಿಲಾಗ ಬಂದಾರ, ಕುಡಿಯಾಕ ನೀರು ಕೊಡಬಾರದೇನ್ರಿ? ಕೊಡದಾಗ ಹನಿ ಇಲ್ಲ, ಸೇದ್ಕೊಂಡು ಬರ್ರಿ" ಎಂದಳು.

ಕೊಡ ಎತ್ತಿಕೊಂಡು ಬಾವಿಗೆ ಹೋದೆ. ಗಡಗಡೆ ಒಂದಿಷ್ಟೂ ಸದ್ದು ಮಾಡಲಿಲ್ಲ. ಗೊಣಗುತ್ತಿದ್ದವನು ನಾನೊಬ್ಬನೇ.