ಮಾವನ ತೊಟ್ಟಿಲಿಗೆ ಎರಡೆಲೆ

ಎಲ್ಲ ಶುರುವಾದದ್ದು ತೂಗುಕುರ್ಚಿಯ ಒಂದು ಕಾಲು ಸಡಿಲವಾದದ್ದರಿಂದ. ಅದು ಹಿಂದಕ್ಕೆ ಹೋದಾಗ "ಕಿರ್" ಎನ್ನುತ್ತಿತ್ತು, ಮುಂದಕ್ಕೆ ಬಂದಾಗ "ಕುಂಯ್" ಎನ್ನುತ್ತಿತ್ತು. ಮಾವ ಅದರಲ್ಲಿ ಕೂತರೆ ಮನೆಯೊಳಗೆ ಯಾರೋ ಬಾವಿಯಿಂದ ನೀರು ಸೇದುತ್ತಿರುವಂತೆ ಕೇಳುತ್ತಿತ್ತು.

ಕುರ್ಚಿ ನಿಜವಾಗಿ ಅಳಿಯನದು. ಅವನು ಮರಗೆಲಸದ ಶೆಡ್ಡಿನಲ್ಲಿ ಪಾಲಿಶ್ ಹಾಕುವವನು. ತಲೆಯಲ್ಲಿ ಏನಾದರೂ ಓಡುತ್ತಿದ್ದರೆ ಯಾರು ಏನು ಕೇಳಿದರೂ "ಹೂಂ" ಎಂದುಬಿಡುತ್ತಿದ್ದುದರಿಂದ ಶೆಡ್ಡಿನವರು ಅವನನ್ನು ಹೂಂರಾಯ ಎಂದು ಕರೆಯುತ್ತಿದ್ದರು. ಆ ಹೆಸರು ಅವನು ಹಾಕಿದ ಪಾಲಿಶ್‌ಗಿಂತ ಗಟ್ಟಿಯಾಗಿ ಅಂಟಿಕೊಂಡಿತ್ತು. ಮದುವೆಗೆ ಮೇಸ್ತ್ರಿ ಉಡುಗೊರೆ ಕೊಟ್ಟ ಕುರ್ಚಿ ಅದು. ಹೂಂರಾಯ ಏಳು ಕೈ ಪಾಲಿಶ್ ಹಾಕಿ, ಕಿಟಕಿಯ ಪಕ್ಕ ಇಟ್ಟು, ಸರಿಯಾಗಿ ಹನ್ನೊಂದು ದಿನ ಅದರಲ್ಲಿ ಕೂತ. ಹನ್ನೆರಡನೆಯ ದಿನ ಮಾವ ಬಂದರು, "ಎರಡು ದಿನ ಇದ್ದು ಹೋಗೋಣ ಅಂತ." ಅದಾಗಿ ಮೂರು ವರ್ಷವಾಗಿತ್ತು.

ಮಾವ ಕೆಟ್ಟವರಲ್ಲ. ಹಡಗಿನಲ್ಲಿ ಅಡುಗೆಯವರಾಗಿದ್ದವರು, ಮಾತಿಗೆ ಕೂತರೆ ನಾಲ್ಕು ಸಮುದ್ರ ಸುತ್ತಿಸಿ ತರುತ್ತಿದ್ದರು. ಆದರೆ ಕುರ್ಚಿಯಿಂದ ಮಾತ್ರ ಏಳುತ್ತಿರಲಿಲ್ಲ. ಹೂಂರಾಯನ ಪಾಲಿಗೆ ಉಳಿದದ್ದು ಒಂದು ಮುಕ್ಕಾಲಿ.

ಹಡಗಿನಿಂದ ಮಾವ ಒಂದು ಇಸ್ಪೀಟಾಟವನ್ನೂ ಹೊತ್ತು ತಂದಿದ್ದರು. ಇಬ್ಬರಿಗೂ ಆರಾರು ಎಲೆ. ನಾಲ್ಕು ಇಟ್ಟುಕೊಂಡು ಎರಡನ್ನು ಬಿಡಬೇಕು. ಹಾಗೆ ಇಬ್ಬರೂ ಬಿಟ್ಟ ನಾಲ್ಕು ಎಲೆಗಳಿಗೆ 'ತೊಟ್ಟಿಲು' ಎಂದು ಹೆಸರು. ಎಲೆ ಹಂಚಿದವರಿಗೆ ಆ ಸಲದ ತೊಟ್ಟಿಲು. ಅದರಲ್ಲಿ ಹುಟ್ಟುವ ಅಂಕವೆಲ್ಲ ಅವರದೇ. ಕೂಡಿದರೆ ಹದಿನೈದಾಗುವ ಎಲೆಗಳಿಗೆ ಎರಡಂಕ, ಜೋಡಿಗೆ ಎರಡು, ಸಾಲಾಗಿ ಬಂದರೆ ಎಲೆಗೊಂದು. ಅಂಕಕ್ಕೊಂದು ತೂತಿನಂತೆ ಹಲಗೆಯ ಮೇಲೆ ಕಡ್ಡಿ ಮುಂದಕ್ಕೆ ಹೋಗುತ್ತದೆ. ನೂರ ಇಪ್ಪತ್ತೊಂದನೆಯ ತೂತು ಮೊದಲು ಮುಟ್ಟಿದವರು ಗೆದ್ದಂತೆ.

"ಕುರ್ಚಿ ರಿಪೇರಿ ಮಾಡಿಸ್ತೀಯಾ, ಸರಿ. ರಿಪೇರಿ ಆದ್ಮೇಲೆ ಯಾರು ಕೂರೋದು? ಒಂದಾಟ ಆಡೇ ಬಿಡೋಣ ಅಳಿಯಂದಿರೇ. ಗೆದ್ದವರಿಗೆ ಕುರ್ಚಿ, ಸಾಯೋ ತನಕ," ಎಂದರು ಮಾವ, ಬೆಳಗಿನ ಚಹಾ ಹೀರುತ್ತಾ.

ಮೂರು ವರ್ಷದಲ್ಲಿ ಮೊದಲ ಸಲ ಹೂಂರಾಯ ಯೋಚಿಸಿ "ಹೂಂ" ಎಂದ.

ಆಟ ಗುದ್ದಾಡಿಕೊಂಡು ಬಂತು. ಮಾವ ನೂರ ಹನ್ನೆರಡು, ಅಳಿಯ ನೂರ ಒಂಬತ್ತು. ಇನ್ನೊಂದೇ ಸುತ್ತಿನಲ್ಲಿ ಮುಗಿಯುತ್ತದೆ. ಹಂಚಿದವರು ಮಾವ, ಆದ್ದರಿಂದ ತೊಟ್ಟಿಲು ಅವರದು. ಹೂಂರಾಯ ತನ್ನ ಆರು ಎಲೆ ಬಿಡಿಸಿ ನೋಡಿದ: ಎರಡು ಐದು, ಎರಡು ಆರು, ಒಂದು ಏಳು, ಒಂದು ಎಂಟು. 

ಐದುಗಳನ್ನು ಬಿಟ್ಟರೆ ಕೈಯಲ್ಲಿ ಸೊಗಸಾದ ಹತ್ತಂಕ ಉಳಿಯುತ್ತದೆ. ಆದರೆ ಈ ಆಟದಲ್ಲಿ ಐದೆಂದರೆ ಬೆಣ್ಣೆ. ರಾಜ, ರಾಣಿ, ಗುಲಾಮ ಎಲ್ಲರಿಗೂ ಹತ್ತರ ಬೆಲೆ; ಅವರಲ್ಲಿ ಯಾರು ಬಂದು ಐದರ ಪಕ್ಕ ಕೂತರೂ ಹದಿನೈದು. ಅಂಥ ಬೆಣ್ಣೆಯನ್ನು ಎರಡೂ ಕೈಯಲ್ಲಿ ಮಾವನ ತೊಟ್ಟಿಲಿಗೆ ಸುರಿಯುವುದೇ? ಐದುಗಳನ್ನು ಇಟ್ಟುಕೊಂಡರೆ ಕೈಯಲ್ಲಿ ಎಂಟೇ ಅಂಕ. ಅವನಿಗೆ ಬೇಕಾದದ್ದು ಹನ್ನೆರಡು.

ಅವನು ಎರಡು ಎಲೆ ಹೊರಗೆಳೆದ, ಒಳಗೆ ತಳ್ಳಿದ. ಬೇರೆ ಎರಡು ಎಳೆದ, ತಳ್ಳಿದ. ಹೆಂಡತಿ ಪಕ್ಕದಲ್ಲಿ ಬಂದು ನಿಂತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಏನೋ ಹೇಳಿದಳು. ಹೂಂರಾಯ "ಹೂಂ" ಎಂದ. ಅವಳು ಇನ್ನೊಂದು ಸಲ, ಸ್ವಲ್ಪ ಹತ್ತಿರ ಬಗ್ಗಿ ಹೇಳಿದಳು. "ಹೂಂ ಹೂಂ," ಎಂದ. ಅವಳು ಒಂದು ಕ್ಷಣ ಅವನ ನೆತ್ತಿಯನ್ನೇ ನೋಡಿ, ನಕ್ಕು, ಒಳಗೆ ಹೋದಳು.

ಅಷ್ಟರಲ್ಲಿ ಕೆಲಸಕ್ಕೆ ಹೊತ್ತಾಯಿತು. ಇಬ್ಬರೂ ಅವರವರ ಎಲೆ ಅವರವರ ಜೇಬಿನಲ್ಲಿಟ್ಟುಕೊಳ್ಳುವುದು, ಉಳಿದ ಕಟ್ಟನ್ನು ಲೋಟದಡಿ ಇಡುವುದು, ಸಾಯಂಕಾಲ ಆಟ ಮುಂದುವರಿಸುವುದು ಎಂದು ಒಪ್ಪಂದವಾಯಿತು.

ಹೂಂರಾಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊರಟ. ಪಕ್ಕದ ಮನೆಯ ಕಿಟಕಿಯಲ್ಲಿ ಹೊಲಿಗೆಯಕ್ಕ ಮೆಷಿನ್ ತುಳಿಯುತ್ತಿದ್ದಳು. ಬೀದಿಯಲ್ಲಿ ಯಾರ ಬಟ್ಟೆ ಎಲ್ಲಿ ಹರಿದಿದೆ, ಯಾರ ಮನಸ್ಸು ಎಲ್ಲಿ ಹರಿದಿದೆ ಎಲ್ಲ ಬಲ್ಲವಳು.

"ಏನು ತಮ್ಮಾ, ಕುರ್ಚಿ ಹೊತ್ಕೊಂಡು? ಮುಖ ಯಾಕೆ ಹಿಂಗಿದೆ?"

"ಏನ್ ಹೇಳ್ಲಿ ಅಕ್ಕಾ, ಜೋಡಿ ಬಂದ್ಬಿಟ್ಟಿದೆ. ತೊಟ್ಟಿಲಿಗೆ ಹಾಕೋ ವಿಷಯದಲ್ಲಿ ತಲೆ ಕೆಟ್ಟಿದೆ."

ಮೆಷಿನ್ ನಿಂತಿತು. "ಜೋಡೀನಾ? ಯಾವಾಗ ಗೊತ್ತಾಯ್ತು?"

"ಈಗ, ಬೆಳಿಗ್ಗೆ. ಎರಡನ್ನೂ ಇಟ್ಕೊಳ್ಳೋಣ ಅಂದ್ರೆ ಕಷ್ಟ. ಮಾವನಿಗೆ ಬಿಟ್ಕೊಡೋಣ ಅಂದ್ರೆ ಹೊಟ್ಟೆ ಉರಿಯುತ್ತೆ. ಒಂದನ್ನ ಇಟ್ಕೊಂಡು ಒಂದನ್ನ ಅವರಿಗೆ ಹಾಕ್ಬಿಡ್ಲಾ ಅಂತಾನೂ ಯೋಚನೆ ಬಂತು."

"ಅಯ್ಯೋ ನಿನ್ನ ಬಾಯಿಗೆ! ಒಂದನ್ನ ಬಿಡೋದಾ? ಹೆಂಡತಿಗೆ ಹೇಳಿದ್ಯಾ ಇದನ್ನ?"

"ಅವಳಿಗೇನು ಗೊತ್ತಾಗುತ್ತೆ ಅಕ್ಕಾ ಇದೆಲ್ಲ," ಎಂದು ಹೂಂರಾಯ ಕುರ್ಚಿಯನ್ನು ಸರಿಮಾಡಿಕೊಂಡು ನಡೆದ. ಹೊಲಿಗೆಯಕ್ಕ ಬಾಯಿ ಮುಚ್ಚಲು ಮರೆತು, ಕಚ್ಚಿಕೊಂಡಿದ್ದ ದಾರವನ್ನು ನುಂಗಿದಳು.

ಶೆಡ್ಡಿನಲ್ಲಿ ಕುರ್ಚಿಯನ್ನು ಮೇಸ್ತ್ರಿಗೆ ಒಪ್ಪಿಸಿ, "ಸಾಯಂಕಾಲಕ್ಕೆ ಬೇಕು, ಗಟ್ಟಿಯಾಗಿರಬೇಕು," ಎಂದು ಹೇಳಿ, ಹೂಂರಾಯ ತನ್ನ ಮೂಲೆ ಸೇರಿದ. ಆ ದಿನ ಒಂದು ದೊಡ್ಡ ಬಾಗಿಲಿಗೆ ಕೊನೆಯ ಕೈ ಪಾಲಿಶ್ ಹಾಕುವುದಿತ್ತು. ಅವನು ಒಂದು ಎಳೆ ಪಾಲಿಶ್ ಎಳೆಯುವುದು, ಜೇಬಿನಿಂದ ಎಲೆ ತೆಗೆದು ನೋಡುವುದು, ಮತ್ತೊಂದು ಎಳೆ ಎಳೆಯುವುದು, ಹೀಗೆ ಮಾಡುತ್ತಾ ಮಾಡುತ್ತಾ ಆಟೀನಿನ ಐದನ್ನು ಕೈತಪ್ಪಿ ಹಸಿ ಬಾಗಿಲಿನ ಮೇಲೆ ಬೀಳಿಸಿದ. ಉಗುರಿನಿಂದ ಮೆಲ್ಲಗೆ ಎಬ್ಬಿಸುವಷ್ಟರಲ್ಲಿ ಬಾಗಿಲಿನ ಎದೆಯ ಮೇಲೆ ಇಸ್ಪೀಟೆಲೆಯಷ್ಟೇ ದೊಡ್ಡ ಚೌಕ ಅಚ್ಚಾಗಿತ್ತು, ಅಂಚೆ ಚೀಟಿ ಹಚ್ಚಿ ಕಿತ್ತ ಲಕೋಟೆಯ ಹಾಗೆ. ಇಡೀ ಬಾಗಿಲನ್ನು ಮತ್ತೆ ಉಜ್ಜಬೇಕಾಯಿತು. ಎಲೆ ಮಾತ್ರ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು.

ಹನ್ನೊಂದು ಗಂಟೆಗೆ ಹೊಲಿಗೆಯಕ್ಕ ಸೋಫಾಗಳ ಗವಸು ಒಪ್ಪಿಸಲು ಶೆಡ್ಡಿಗೆ ಬಂದಳು. ವಾರಕ್ಕೊಮ್ಮೆ ಬರುವವಳು, ಬಂದರೆ ಎರಡು ನಿಮಿಷದಲ್ಲಿ ಹೋಗುವವಳು, ಅವತ್ತು ಮೇಸ್ತ್ರಿಯ ಬಳಿ ಮುಕ್ಕಾಲು ಗಂಟೆ ನಿಂತಳು. ಅವಳು ಹೋದ ಮೇಲೆ ಗರಗಸಗಳೆಲ್ಲ ನಿಂತು ಶೆಡ್ಡಿನಲ್ಲಿ ಗುಸುಗುಸು ಎದ್ದಿತು.

ಊಟದ ಹೊತ್ತಿಗೆ ಮೇಸ್ತ್ರಿ ಬಂದು ಹೂಂರಾಯನ ಎದುರು ಕೂತರು. ದಪ್ಪ ಮೀಸೆಯ, ಮೆತ್ತನೆ ಮನಸ್ಸಿನ ಮನುಷ್ಯ.

"ವಿಷಯ ಗೊತ್ತಾಯ್ತು ಕಣಯ್ಯಾ. ಇಷ್ಟಕ್ಕೆಲ್ಲ ತಲೆ ಕೆಡಿಸ್ಕೊಂಡು ಕೂತ್ರೆ ಹ್ಯಾಗೆ?"

"ನಿಮಗೂ ಇದು ಗೊತ್ತಾ ಮೇಸ್ತ್ರೀ?" ಹೂಂರಾಯನ ಕಣ್ಣು ಅರಳಿತು.

"ಗೊತ್ತಾ ಅಂದ್ರೆ? ನಮ್ಮನೇಲಿ ಐದು! ಇಟ್ಕೊಳ್ಳೋಕೆ ಹೆದರಿದ್ನಾ ನಾನು? ಇನ್ನೊಬ್ಬರ ತೊಟ್ಟಿಲಿಗೆ ಹಾಕಿದ್ನಾ? ಐದು ಇಟ್ಕೊಂಡವನು ಯಾವತ್ತೂ ಕೆಡಲ್ಲ, ಬರೆದಿಟ್ಕೋ."

"ಐದು ಇಟ್ಕೋ ಅಂತೀರಾ?"

"ಮೊದಲು ಈಗ ಬಂದಿರೋ ಜೋಡೀನ ಭದ್ರವಾಗಿ ಇಟ್ಕೊಳ್ಳಯ್ಯಾ! ಬಿಡೋ ಮಾತು ಇನ್ನೊಂದ್ಸಲ ಆಡಬೇಡ."

ಹೂಂರಾಯನ ಎದೆಯ ಮೇಲಿಂದ ತೇಗದ ದಿಮ್ಮಿಯೊಂದನ್ನು ಇಳಿಸಿದಂತಾಯಿತು. ಐದುಗಳು ಉಳಿದವು! ಹಾಗಾದರೆ ಬಿಡುವುದು ಯಾವುದನ್ನು? ಒಂದು ಆರು, ಒಂದು ಎಂಟು? ಒಂದು ಐದನ್ನಂತೂ ಅಲ್ಲವೇ ಅಲ್ಲ... ಅವನು ಮನಸ್ಸಿನಲ್ಲೇ ಎಲೆ ಜೋಡಿಸತೊಡಗಿದ.

"ಇನ್ನು ತೊಟ್ಟಿಲಿನ ಚಿಂತೆ ನಮಗೆ ಬಿಡು," ಮೇಸ್ತ್ರಿ ಹೇಳುತ್ತಿದ್ದರು. "ಜೋಡೀದಾದ್ರಿಂದ ಅಗಲ ಬೇಕು. ಬಾಗಿದ ಮರ ಈಗ ಶೆಡ್ಡಲ್ಲಿ ಇಲ್ಲ. ನಿನ್ನ ಕುರ್ಚೀದೇ ಕಾಲು ಹಾಕ್ಲಾ?"

"ಹೂಂ."

"ಕೈ, ಬೆನ್ನಿನ ಪಟ್ಟಿ ಎಲ್ಲ ಬಿಚ್ಚಬೇಕಾಗುತ್ತೆ. ಆಮೇಲೆ ಬೇಜಾರು ಮಾಡ್ಕೋಬಾರ್ದು."

"ಹೂಂ, ಹೂಂ."

ಮೇಸ್ತ್ರಿ ಅವನ ಬೆನ್ನು ತಟ್ಟಿ, ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡು ಎದ್ದರು. "ನೋಡ್ರಯ್ಯಾ, ಮನುಷ್ಯ ಅಂದ್ರೆ ಇವನು," ಎಂದು ಶೆಡ್ಡಿಗೆಲ್ಲ ಕೇಳುವಂತೆ ಹೇಳಿದರು. ಯಾಕೆ ಹೇಳಿದರೋ ಹೂಂರಾಯನಿಗೆ ತಿಳಿಯಲಿಲ್ಲ. ತಿಳಿಯುವ ಪುರುಸೊತ್ತೂ ಇರಲಿಲ್ಲ. ಮಧ್ಯಾಹ್ನವಿಡೀ ಅವನು ಬಾಗಿಲು ಉಜ್ಜಿದ.

ಸಾಯಂಕಾಲ ಮೇಸ್ತ್ರಿ, "ನೀನು ನಡಿ, ನಾವು ಗಾಡೀಲಿ ಹಿಂದೇನೇ ತರ್ತೀವಿ," ಎಂದರು. ಹೂಂರಾಯ ಹೆಚ್ಚುಕಡಿಮೆ ಓಡಿದ.

ಮನೆಯಲ್ಲಿ ಮಾವ ಮುಕ್ಕಾಲಿಯ ಮೇಲೆ ಕೂತಿದ್ದರು. ಅವನನ್ನು ಕಂಡದ್ದೇ ಎದ್ದು ನಿಂತರು. ಮೂರು ವರ್ಷದಲ್ಲಿ ಇದು ಮೊದಲು.

"ಬಾಪ್ಪಾ, ಕೂತ್ಕೋ. ನೀರು ಕುಡೀತೀಯಾ? ಹೊಲಿಗೆಯವಳು ಎಲ್ಲ ಹೇಳಿದ್ಲು. ಒಂದನ್ನ ನನಗೇ ಕೊಡೋಣ ಅಂತ ಅಂದ್ಕೊಂಡಿದ್ಯಂತೆ. ನಿನ್ನ ಮನಸ್ಸು ಇಷ್ಟು ದೊಡ್ಡದು ಅಂತ ನಂಗೆ ಗೊತ್ತಿರ್ಲಿಲ್ಲ ಕಣಪ್ಪಾ." ಅವರು ಕಣ್ಣೊರೆಸಿಕೊಂಡರು.

ತನ್ನ ಕೈಯಲ್ಲಿರುವ ಐದುಗಳ ಸುದ್ದಿ ಮಾವನವರೆಗೂ ಹೋಗಿದೆ, ಈಗ ಕಣ್ಣೀರು ಹಾಕಿ ಒಂದನ್ನು ಕೀಳಲು ನೋಡುತ್ತಿದ್ದಾರೆ ಎಂದುಕೊಂಡ ಹೂಂರಾಯ. "ಅದೆಲ್ಲ ಬೆಳಗಿನ ಮಾತು ಮಾವ. ಈಗ ಒಂದನ್ನೂ ಕೊಡಲ್ಲ," ಎಂದು ಖಡಾಖಂಡಿತವಾಗಿ ಹೇಳಿ, ಆರು, ಎಂಟು ಎರಡನ್ನೂ ತೊಟ್ಟಿಲಿಗೆ ಹಾಕಿದ. ಕೈಯಲ್ಲಿ ಎರಡು ಐದು, ಒಂದು ಆರು, ಒಂದು ಏಳು. ಅದರಲ್ಲೊಂದು ಐದು ಫಳಫಳ.

ಮಾವ ಮೂಗೊರೆಸಿಕೊಂಡು ತಾವೂ ಎರಡೆಲೆ ಬಿಟ್ಟರು. ಹೂಂರಾಯ ಲೋಟ ಎತ್ತಿ ಕಟ್ಟು ಮುರಿದ, ಮಾವ ಮೇಲಿನ ಎಲೆಯನ್ನು ಮಗುಚಿದರು; ಅದು ಇಬ್ಬರ ಲೆಕ್ಕಕ್ಕೂ ಸೇರುತ್ತದೆ. ರಾಣಿ!

ಎಣಿಸುವ ಮೊದಲು ಸರದಿಯಂತೆ ಒಂದೊಂದೇ ಎಲೆ ಇಳಿಸಬೇಕು, ಅದಕ್ಕೂ ಅಂಕವಿದೆ. ಆ ಸುತ್ತಿನಲ್ಲಿ ಮಾವನ ಕಡ್ಡಿ ನಾಲ್ಕು ತೂತು ನಡೆಯಿತು, ಹೂಂರಾಯನದು ಇದ್ದಲ್ಲೇ ಇತ್ತು. ಆದರೆ ಎಣಿಸುವ ಸರದಿ ಮೊದಲು ಅವನದು. ತೊಟ್ಟಿಲು ಇದ್ದವರು ಕೊನೆಗೆ ಎಣಿಸಬೇಕು.

"ಐದು ರಾಣಿ ಹದಿನೈದು, ಎರಡು. ಇನ್ನೊಂದು ಐದು ರಾಣಿ ಹದಿನೈದು, ನಾಲ್ಕು. ಐದುಗಳ ಜೋಡಿ, ಆರು. ಐದು ಆರು ಏಳು, ಒಂಬತ್ತು. ಇನ್ನೊಂದು ಐದು, ಅದೇ ಆರು ಏಳು..." ಅವನು ಕಡ್ಡಿ ಎತ್ತಿದ. "ಹನ್ನೆರಡು!"

ಕಡ್ಡಿ ಕೊನೆಯ ತೂತಿನಲ್ಲಿ ಟಕ್ಕೆಂದು ಕೂತಿತು. ಐದುಗಳನ್ನು ಬಿಟ್ಟಿದ್ದರೆ ನೂರ ಹತ್ತೊಂಬತ್ತಕ್ಕೆ ನಿಂತು, ಮಾವ ತೊಟ್ಟಿಲು ಮಗುಚುವುದನ್ನು ನೋಡುತ್ತಾ ಕೂರಬೇಕಿತ್ತು.

"ಕುರ್ಚಿ ನಂದು!" ಹೂಂರಾಯ ಎದ್ದು ನಿಂತು ಕೂಗಿದ. "ಸಾಯೋ ತನಕ!"

"ನಿಂದೇ ಕಣಪ್ಪಾ," ಎಂದರು ಮಾವ, ಸೋತ ಲಕ್ಷಣವೇ ಇಲ್ಲದೆ.

ಸರಿಯಾಗಿ ಆ ಹೊತ್ತಿಗೆ ಗಾಡಿ ಬಾಗಿಲಿಗೆ ಬಂತು. ಮೇಸ್ತ್ರಿ ಮತ್ತು ಇಬ್ಬರು ಬಡಗಿಗಳು ಬಟ್ಟೆ ಮುಚ್ಚಿದ ಏನನ್ನೋ ಎತ್ತಿ ಒಳಗೆ ತಂದು ಕಿಟಕಿಯ ಪಕ್ಕ, ಕುರ್ಚಿಯ ಜಾಗದಲ್ಲೇ, ಇಳಿಸಿದರು. ಹಿಂದೆಯೇ ಹೊಲಿಗೆಯಕ್ಕ ಎರಡು ಪುಟ್ಟ ಟೊಪ್ಪಿ ಹಿಡಿದು ಬಂದಳು. ಮೇಸ್ತ್ರಿ ಬಟ್ಟೆ ಸರಿಸಿದರು.

ನಡುವೆ ಒಂದು ಅಡ್ಡಪಟ್ಟಿ ಇದ್ದ, ಇಬ್ಬರು ಮಲಗುವಷ್ಟು ಅಗಲದ ತೊಟ್ಟಿಲು. ಅದರ ಬಾಗಿದ ಕಾಲು, ಪಕ್ಕದ ಕಟಕಟೆ, ತಲೆಯ ಕಡೆಯ ಪಟ್ಟಿ, ಒಂದೊಂದನ್ನೂ ಹೂಂರಾಯ ಗುರುತು ಹಿಡಿದ. ಏಳು ಕೈ ಪಾಲಿಶ್.

"ನನ್ನ ಕುರ್ಚಿ?"

"ಇದೇ! ಒಂದು ಚೂರೂ ದಂಡ ಮಾಡಿಲ್ಲ," ಎಂದರು ಮೇಸ್ತ್ರಿ ಹೆಮ್ಮೆಯಿಂದ. "ನೀನೇ ಹೂಂ ಅಂದ್ಯಲ್ಲ. ಗಟ್ಟಿಯಾಗಿರಬೇಕು ಅಂದೆ, ಕೂತು ನೋಡು ಬೇಕಾದ್ರೆ. ಅಲ್ಲಲ್ಲ, ಕೂರಬೇಡ."

"ಅಯ್ಯೋ ಮೇಸ್ತ್ರೀ! ತೊಟ್ಟಿಲು ಅಂದ್ರೆ ಇಸ್ಪೀಟಿಂದು! ಜೋಡಿ ಅಂದ್ರೆ ಐದುಗಳು, ಇವು ನೋಡಿ, ಇವು!" ಹೂಂರಾಯ ಎಲೆಗಳನ್ನು ಎಲ್ಲರ ಮುಖಕ್ಕೂ ಹಿಡಿದ.

 ಹೊಲಿಗೆಯಕ್ಕ ಟೊಪ್ಪಿಗಳನ್ನು ಬೆನ್ನ ಹಿಂದೆ ಅಡಗಿಸಿದಳು. ಮೇಸ್ತ್ರಿಯ ಮೀಸೆ ಇಳಿಯಿತು. ಮಾವ ಮೆಲ್ಲಗೆ ಮುಕ್ಕಾಲಿಯ ಮೇಲೆ ಕುಸಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಹೆಂಡತಿ ಬಂದು, ತೊಟ್ಟಿಲನ್ನು ನೋಡಿ ನಿಂತಳು.

"ನೋಡೇ ಇವರ ಅವಾಂತರಾನ!" ಎಂದ ಹೂಂರಾಯ ಅಳುವ ದನಿಯಲ್ಲಿ. "ನಮಗೆ ಅವಳಿಜವಳಿ ಆಗುತ್ತೆ ಅಂತ ನನ್ನ ಕುರ್ಚೀನೇ ಮುರಿದುಬಿಟ್ಟಿದಾರೆ!"

ಅವಳು ಬಂದು ತೊಟ್ಟಿಲಿನ ಅಂಚನ್ನು ಸವರಿದಳು. ಒಮ್ಮೆ ತೂಗಿ ನೋಡಿದಳು. ಕಿರ್ ಇಲ್ಲ, ಕುಂಯ್ ಇಲ್ಲ.

"ಅವಳಿ ಅಂತ ಯಾರು ಹೇಳಿದ್ರು? ಡಾಕ್ಟರಮ್ಮ ಒಂದೇ ಅಂದ್ರು," ಎಂದಳು. "ಬೆಳಿಗ್ಗೆ ಎರಡೆರಡು ಸಲ ಹೇಳಿದೆನಲ್ಲ ನಿಮಗೆ. ಹೂಂ ಹೂಂ ಅಂದ್ರಲ್ಲ."

ಹೂಂರಾಯನ ಕೈಯಿಂದ ಎಲೆಗಳು ಒಂದೊಂದಾಗಿ ತೊಟ್ಟಿಲಿಗೆ ಉದುರಿದವು. ಮೊದಲು ನಕ್ಕವರು ಮಾವ. ಆಮೇಲೆ ಮೇಸ್ತ್ರಿಯ ಮೀಸೆ ಎದ್ದಿತು. ಹೊಲಿಗೆಯಕ್ಕ ಒಂದು ಟೊಪ್ಪಿಯನ್ನು ಮುಂದಕ್ಕೆ ತಂದಳು, ಸ್ವಲ್ಪ ಯೋಚಿಸಿ ಇನ್ನೊಂದನ್ನೂ ತಂದು, "ಒಗೆದಾಗ ಬೇಕಾಗುತ್ತೆ," ಎಂದಳು. ಹೂಂರಾಯ ನಗುತ್ತಿದ್ದಾನೋ ಅಳುತ್ತಿದ್ದಾನೋ ಅವನಿಗೇ ಗೊತ್ತಾಗಲಿಲ್ಲ. ಹೆಂಡತಿಯ ಕೈ ಹಿಡಿದುಕೊಂಡು ನಿಂತಿದ್ದ.

ಎಲ್ಲರೂ ಹೋದ ಮೇಲೆ ಮಾವ ಅಳಿಯ ಇಬ್ಬರೂ ತೊಟ್ಟಿಲಿನ ಎರಡು ಪಕ್ಕ ನೆಲದ ಮೇಲೆ ಕೂತರು. ಮುಕ್ಕಾಲಿಯ ಮೇಲೆ ಹೆಂಡತಿ ಕೂತಿದ್ದಳು. ಅವಳಿಗೆ ಏಳು ಎನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಅಳಿಯಂದಿರೇ, ಇನ್ನೊಂದಾಟ? ಕಿಟಕಿ ಕಡೆ ಗೋಡೆಗೆ ಒರಗೋ ಜಾಗಕ್ಕೆ," ಎಂದು ಮಾವ ಎಲೆ ಹಂಚಿದರು.

ಹೂಂರಾಯ ಆರು ಎಲೆ ಬಿಡಿಸಿದ. ಮೂರು ರಾಜ, ಎರಡು ಐದು, ಒಂದು ಎಕ್ಕ. ಎಕ್ಕವನ್ನು ಬಿಡಬೇಕು ಸರಿ, ಇನ್ನೊಂದು? ರಾಜನೇ? ಐದೇ? ಹೆಂಡತಿ ಏನೋ ಹೇಳಿದಳು.

"ಹೂಂ," ಎಂದ.

ಮಾವ ಎಲೆಗಳನ್ನು ಕೆಳಗಿಟ್ಟು, ಅವನ ಹೆಗಲು ತಬ್ಬಿಕೊಂಡರು. ಹೂಂರಾಯ ಗಾಬರಿಯಿಂದ ಹೆಂಡತಿಯ ಕಡೆ ತಿರುಗಿದ. "ಏನಂದೆ ಈಗ? ಇನ್ನೊಂದ್ಸಲ ಹೇಳು."

"ಏನಿಲ್ಲ," ಎಂದಳು ಹೆಂಡತಿ, ಕಾಲಿನಿಂದ ತೊಟ್ಟಿಲನ್ನು ಮೆಲ್ಲಗೆ ತೂಗುತ್ತಾ. "ಮಗು ಶಾಲೆ ಮುಗಿಸೋ ತನಕ ಅಪ್ಪ ಇಲ್ಲೇ ಇರ್ಲಾ ಅಂತ ಕೇಳಿದೆ."