ಜರಿ ಅಂಚಿನ ಕೆಳಗೊಂದು ಕೈ

ನಮ್ಮ ಯಜಮಾನರು ಸೇಲಂ ಹತ್ತಿರದ ಎಡಪ್ಪಾಡಿಯಲ್ಲಿ ಸ್ವಂತ ರೈಲ್ವೆ ನಡೆಸುತ್ತಾರೆ. ಟಿಕೆಟ್ ಇಲ್ಲ, ಪ್ಯಾಸೆಂಜರೂ ಇಲ್ಲ, ಗತ್ತು ಮಾತ್ರ ಸ್ಟೇಷನ್ ಮಾಸ್ಟರದು!

ಮಗ್ಗ ಮಾರಿದ ಮೇಲೆ ನಮ್ಮ ನೇಯ್ಗೆ ಕೋಣೆ ಖಾಲಿಯಾಯಿತು. ಬೇರೆ ಗಂಡಸರಾಗಿದ್ದರೆ ಮಂಚ ಹಾಕಿ ಮಲಗುತ್ತಿದ್ದರು. ಇವರು ದೊಡ್ಡ ಹಲಗೆ ಹಾಕಿ ಅದರ ಮೇಲೆ ಆಟದ ರೈಲು ಬಿಟ್ಟರು. ಹಳೇ ಪೇಪರ್ ನೆನೆಸಿ ತೊಪ್ಪೂರು ಘಾಟಿ ಕಟ್ಟಿದರು. ಸೇಲಂನಿಂದ ಹೊರಟ ರೈಲಿಗೆ ಓಮಲೂರಿನಲ್ಲಿ ಹಳಿ ಎರಡಾಗುತ್ತದೆ. ನೆಟ್ಟಗೆ ಹೋದರೆ ಘಾಟಿ ಹತ್ತಿ ಧರ್ಮಪುರಿ, ತಿರುಗಿದರೆ ಮೆಟ್ಟೂರು, ನನ್ನ ತವರು.

ಹಳಿ ತಿರುಗಿಸಲು ಎಲ್ಲರೂ ಸ್ವಿಚ್ಚಿನ ಪೆಟ್ಟಿಗೆ ಇಡುತ್ತಾರಂತೆ. ಇವರಿಗೆ ಅದು ಆಗದು. ಹಳಿ ಕವಲೊಡೆಯುವ ಕಡೆಯೆಲ್ಲ, ಅದರ ನೇರಕ್ಕೇ, ಹಲಗೆಯ ಅಡಿಯಲ್ಲಿ ಮಗ್ಗದ ದಾರ ಕಟ್ಟಿದ ಒಂದು ಪುಟ್ಟ ಹಿಡಿ. ಎಳೆದು ಹಿಡಿದರೆ ಹಳಿ ತಿರುಗುತ್ತದೆ, ಬಿಟ್ಟರೆ ಮೊದಲಿನಂತೆ. ಯಾವುದೂ ಕಾಣದ ಹಾಗೆ ಸುತ್ತಲೂ ಜರಿ ಅಂಚಿನ ಮರೆ. ಇಷ್ಟಕ್ಕೆ ಯಾಕೆ ಈ ಕಳ್ಳಾಟ ಎಂದು ಕೇಳಿದೆ.

"ಸೀರೆ ನೋಡೋರ್ಗೆ ಮಗ್ಗದ ದಾರ ಯಾಕ್ ಕಾಣ್ಬೇಕು?" ಅಂದರು.

ಆ ಅಂಚು ನನ್ನ ಸೀರೆಯದು ಎಂದು ಯಾರಿಗೆ ಹೇಳಲಿ!

ಒಮ್ಮೆ ಧರ್ಮಪುರಿಯಿಂದ ಇವರ ಅಕ್ಕನ ಮಗ ತನ್ನ ಮಗಳ ಮದುವೆಗೆ ಕರೆಯಲು ಬಂದ. ತಟ್ಟೆಯಲ್ಲಿ ವೀಳ್ಯದೆಲೆ, ಪತ್ರಿಕೆ. ಅದನ್ನು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಮಕ್ಕಳಿಗೂ ಗೊತ್ತು. ಇವರು ಹಲಗೆಯ ಮುಂದೆ ಕೂತಲ್ಲಿಂದಲೇ ಒಂದು ಕೈ ಚಾಚಿದರು.

"ಏನ್ ಮಾಮಾ, ಒಂದೇ ಕೈನಾ?"

"ಇನ್ನೊಂದ್ ಬಿಟ್ರೆ ರೈಲ್ ವಂಡಿ ಧರ್ಮಪುರಿಗೆ ಓಯ್ತದೆ ಕಣ್ಲಾ."

"ನಾನೂ ಅಲ್ಲಿಗೇ ಓಯ್ತೀನಿ," ಎಂದು ಅವನು ತಟ್ಟೆಯನ್ನು ನೆಲದ ಮೇಲಿಟ್ಟು ಹೊರಟ. ಮದುವೆಯಲ್ಲಿ ನಮಗೆ ತಾಂಬೂಲದ ಚೀಲ ಒಂದೇ ಕೈಯಲ್ಲಿ ಬಂತು.

ಈಚೆಗೆ ನನ್ನ ಕಣ್ಣು ಹೋಗುತ್ತಾ ಬಂತು. ಸಕ್ಕರೆ ಕಾಯಿಲೆ. ಹೋದದ್ದು ಬರುವುದಿಲ್ಲ, ಇರುವುದೂ ಉಳಿಯುವುದು ಅನುಮಾನ ಎಂದರು ಸೇಲಂ ಡಾಕ್ಟರು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸೊಸೆ ಮೆಲ್ಲಗೆ ಸೌಟು ಇಸಕೊಂಡು, ಸುಮ್ಮನೆ ಕೂತಿರಿ ಅತ್ತೆ ಅಂದಳು. ಸುಮ್ಮನೆ ಕೂತು ಗೊತ್ತಿಲ್ಲದವಳು ನಾನು. ಇನ್ನು ಗೋಡೆಗೆ ಒರಗಿಸಿಟ್ಟ ಮೊರ!

ಇವರು ಸಮಾಧಾನದ ಒಂದು ಮಾತೂ ಆಡಲಿಲ್ಲ. ಕೋಣೆಯಲ್ಲಿ ಎಣ್ಣೆ ಡಬ್ಬಿಯ ತಗಡು ಬಡಿಯುತ್ತಿದ್ದರು. ಅಷ್ಟರಲ್ಲಿ ನಾನು ತೆಗೆದಿಟ್ಟಿದ್ದ ಸವೆದ ಕಾಲುಂಗುರವೂ ಮಾಯ. ಕಳ್ಳ ಯಾರೆಂದು ಗೊತ್ತಿತ್ತು, ಚೆನ್ನಾಗಿ ಬೈದೆ.

ಒಂದು ಮಧ್ಯಾಹ್ನ ಕರೆದು ಸ್ಟೂಲಿನ ಮೇಲೆ ಕೂರಿಸಿ, ನನ್ನ ಕೈಯನ್ನು ಜರಿ ಅಂಚಿನೊಳಗೆ ತೂರಿಸಿದರು. ಒಂದು ಹಿಡಿಗೆ ಹುಣಸೇಬೀಜ ಅಂಟಿಸಿತ್ತು, ಅದು ತೊಪ್ಪೂರಂತೆ. ಪಕ್ಕದ್ದಕ್ಕೆ ನನ್ನ ಕಾಲುಂಗುರ.

"ಇದು ಓಮಲೂರು. ವಂಡಿ ತಗಡಿನ್ ಸೇತ್ವೆ ಮೇಲ್ ಬಂದ್ರೆ ಗಡಗಡ ಅಂತೈತೆ. ಆಗ ಎಳ್ಕೋ."

"ನಂಗ್ ಕಾಣಲ್ಲ."

"ಇಲ್ಲಿ ಯಾರ್ಗ್ ಕಾಣ್ತೈತೆ?"

ಗಡಗಡ ಅಂದಿತು. ಎಳೆದೆ. ಸದ್ದು ಮೆಟ್ಟೂರಿನ ಕಡೆಗೆ ಸರಿಯಿತು.

ಈಗ ಓಮಲೂರು ನನ್ನ ಸುಪರ್ದಿಯಲ್ಲಿದೆ. ಎರಡೂ ಕಣ್ಣು ನೆಟ್ಟಗಿರುವ ಸೊಸೆ ಬಗ್ಗಿ ಬಗ್ಗಿ ಹುಡುಕಿದರೂ ಹಳಿ ತಿರುಗಿಸುವುದು ಎಲ್ಲಿಂದ ಎಂದು ತಿಳಿಯುವುದಿಲ್ಲ.

ಮೊನ್ನೆ ಅದೇ ಅಕ್ಕನ ಮಗ ಎರಡನೇ ಮಗಳ ಮದುವೆಗೆ ತಟ್ಟೆ ಹಿಡಿದು ಬಂದ. ಸೇತುವೆ ಗಡಗಡ ಅನ್ನುತ್ತಿತ್ತು. ಏನು ಮಾಡಲಿ, ನಾನೂ ಒಂದೇ ಕೈ ಚಾಚಿದೆ. ಅವನು ಬಾಯಿ ತೆರೆಯುವ ಮೊದಲೇ, ನನ್ನ ಕೈಗೆ ಒತ್ತಿಕೊಂಡು ಇನ್ನೊಂದು ಕೈ ಬಂತು. ಇವರದು. ಇವರ ಇನ್ನೊಂದು ಕೈ ತೊಪ್ಪೂರಿನಲ್ಲಿತ್ತು.

"ಎರಡಾಯ್ತಲ್ಲ," ಅಂದರು. "ಕೊಡು ಕಣ್ಲಾ."