ಹಿತ್ತಲಿನ ತಾರಾಲಯ

ಮಾವನ ಎದುರಿಗೆ ಒಂದು ಸಲವಾದರೂ ಬುದ್ಧಿವಂತನಾಗಿ ಕಾಣಬೇಕೆಂಬ ಆಸೆಯಿಲ್ಲದ ಅಳಿಯ ಇರಲಾರ. ನನಗಂತೂ ಅದೊಂದು ಚಟವೇ ಆಗಿತ್ತು. ನಾನು ಸಂಶಿಯಲ್ಲಿ ವಿಜ್ಞಾನದ ಮಾಸ್ತರ. ಮಾವ ಅದೇ ಊರಿನ ಮೆಣಸಿನಕಾಯಿ ವ್ಯಾಪಾರಿ. "ನಿಮ್ಮ ವಿಜ್ಞಾನದಾಗ ಏನ್ ಗಿಟ್ಟತೈತ್ರಿ?" ಎಂದು ಅವರು ಕೇಳಿದಾಗಲೆಲ್ಲ ನಾನು ಚಹದ ಕಪ್ಪಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಎಂಬತ್ತರ ದಶಕದಲ್ಲಿ, ಧೂಮಕೇತು ಬರಲಿದೆ ಎಂದು ರೇಡಿಯೋ ದಿನಾ ಹೇಳುತ್ತಿದ್ದ ವರ್ಷ, ಉತ್ತರ ಹೊಳೆಯಿತು. ಮನೆಯಲ್ಲೇ ತಾರಾಲಯ! ತರಬೇತಿಗೆ ಹೋದಾಗ ಪಟ್ಟಣದಲ್ಲಿ ಒಂದನ್ನು ನೋಡಿಬಂದಿದ್ದೆ. ಮಗಳ ಹಾಲಿನ ಪುಡಿಯ ಡಬ್ಬಿಗೆ ನಕ್ಷತ್ರಗಳ ನಕಾಶೆ ಅಂಟಿಸಿ, ಮೊಳೆಯಿಂದ ತೂತು ಹೊಡೆದು, ಒಳಗೆ ಮನೆಯ ಬಲ್ಬು ಹಚ್ಚಿದೆ. ಒಂದೊಂದು ತೂತಿನಿಂದಲೂ ಬಲ್ಬಿನ ಬಾಗಿದ ತಂತಿಯ ಆಕಾರವೇ ಗೋಡೆಯ ಮೇಲೆ ಮೂಡಿತು. "ಇದೇನ್ರಿ, ಕುಡಗೋಲಿನ ಅಂಗಡಿ ಇಟ್ಟಂಗ ಕಾಣತೈತಿ" ಎಂದಳು ಹೆಂಡತಿ ಗಿರಿಜಾ. ಟಾರ್ಚಿನ ಸಣ್ಣ ಬಲ್ಬು ಹಾಕಿದ ಮೇಲೆ ಚುಕ್ಕೆಗಳು ಚುಕ್ಕೆಗಳಾದವು. ಆದರೆ ಗೋಡೆಯ ಮೂಲೆಗೆ ಬಂದಾಗ ಸಪ್ತರ್ಷಿಗಳ ಸೊಂಟ ಮುರಿಯುತ್ತಿತ್ತು. ದುಂಡನೆಯ ಗುಮ್ಮಟ ಬೇಕಿತ್ತು. ಹಿತ್ತಲಲ್ಲಿ ಬಿದಿರು ಬಾಗಿಸಿ ನಿಲ್ಲಿಸಿದೆ. ಮಾವನ ಅಂಗಡಿಯಿಂದಲೇ ಖಾಲಿ ಗೋಣಿಚೀಲ ತರಿಸಿ, ಗಿರಿಜಾ ಹೊಲಿದು ಹೊದಿಸಿದಳು.

ಭಾನುವಾರ ಮಧ್ಯಾಹ್ನ ಮಾವ ಬಂದರು. ಒಳಗೆ ಹೊಕ್ಕ ಕೂಡಲೇ ಗಿರಿಜಾ ಸೇರಿ ಮೂವರೂ ಸೀನಿದೆವು. ಮೆಣಸಿನಕಾಯಿ ಘಾಟು! ಕಣ್ಣೊರೆಸಿಕೊಂಡು, ಡಬ್ಬಿಯ ದೀಪದ ಗುಂಡಿ ಒತ್ತಿ ತಲೆಯೆತ್ತಿದರೆ, ಅಬ್ಬಾ, ಕತ್ತಲೆ ಕೋಣೆಯಲ್ಲಿ ಕಂಡದ್ದಕ್ಕಿಂತ ಎಷ್ಟೋ ಹೆಚ್ಚು ನಕ್ಷತ್ರ, ಎಂಥ ಹೊಳಪು! ನನ್ನ ದನಿ ತಾನಾಗಿಯೇ ಗಂಭೀರವಾಯಿತು. ಆಕಾಶಗಂಗೆಯಿಂದ ಶುರುಮಾಡಿ ಒಂದು ದೊಡ್ಡ ಭಾಷಣವನ್ನೇ ಬಿಗಿದೆ.

"ಆ ದೊಡ್ಡ ಚಿಕ್ಕಿ ಯಾವುದ್ರಿ?" ಎಂದರು ಮಾವ.

"ಧ್ರುವ ನಕ್ಷತ್ರರಿ ಮಾವಾರ. ಉಳಿದಾವೆಲ್ಲಾ ತಿರಗತಾವು, ಅದೊಂದು ಅಳ್ಳಾಡಂಗಿಲ್ಲ" ಎಂದು ಡಬ್ಬಿ ತಿರುಗಿಸಿದೆ.

ಒಂದು ನಕ್ಷತ್ರವೂ ಅಳ್ಳಾಡಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದೆ. ಗಿರಿಜಾ ಡಬ್ಬಿಯೊಳಗೆ ಇಣುಕಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ರೀ, ಒಳಗ ದೀಪಾನ ಇಲ್ಲ. ಸೆಲ್ಲು ತೀರ್‍ಯಾವು."

ಇಷ್ಟು ಹೊತ್ತು ನಾನು ಪಾಠ ಹೇಳಿದ್ದು ಚೀಲದ ತೂತುಗಳಿಂದ ತೂರಿಬರುತ್ತಿದ್ದ ಮಟಮಟ ಬಿಸಿಲಿಗೆ! ಬೆವರು ಕಿತ್ತುಬಂತು. ಮಾವ ನಿಧಾನವಾಗಿ ಎದ್ದು, ಧೋತರ ಝಾಡಿಸಿಕೊಂಡು, ಬಾಗಿಲಲ್ಲಿ ನಿಂತರು.

"ಭಾಳ ಛಲೋ ಹೇಳಿದ್ರಿ ಮಾಸ್ತರ. ಚೀಲ ವಾಪಸ್ ಕಳಸೂ ಮುಂದ ಆ ಧ್ರುವ ನಕ್ಷತ್ರಕ್ಕ ಒಂದ್ ತ್ಯಾಪಿ ಹಾಕ್ರಿ. ಇಲಿ ಕಡದೈತಿ, ಕಾಯಿ ಸೋರತಾವು."

ಸಂಜೆ ದಬ್ಬಣ ಹಿಡಿದು ನಾನೇ ಕೂತು ತೇಪೆ ಹಾಕಿದೆ. ಮರುದಿನ ಮಾವ ಅದನ್ನು ಎಳೆದೆಳೆದು ನೋಡಿ, "ಹೊಲಿಗಿ ಅಗದಿ ಗಟ್ಟಿ ಐತಿ" ಎಂದು ಹೊಗಳಿದರಂತೆ. ಅಳಿಯನಾಗಿ ಅವರಿಂದ ನಾನು ಪಡೆದ ಮೊದಲ ಮೆಚ್ಚುಗೆ ಅದು. ವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ.